ರೆಕ್ಕೆಯ ಮೇಲಿನ ಗಂಧ

೧ ಅಕ್ಟೋಬರ್ ೨೦೨೫, ಬುಧವಾರ

ಇವತ್ತು ಖಂಡೇಪೂಜೆ, ದಸರೆಯ ಆಯುಧಪೂಜೆ. ಬೈಲಹೊಂಗಲದ ತಮ್ಮ ಅರಳೆ ಮಿಲ್ಲಿನಲ್ಲಿ ಮಶೀನುಗಳ ಪೂಜೆ ಮುಗಿಸಿಕೊಂಡು ಶ್ರೀಶೈಲ ಮತ್ತು ಅವನ ತಾಯಿ ಸಿದ್ದಲಿಂಗವ್ವ ಸಂಪಗಾಂವದ ಹೊಲಕ್ಕೆ ಬರುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ನಾನು ಬೆಳಗ್ಗೆಯೇ ಅವರ ವಿಮಾನ ತೊಳೆದು, ಒರೆಸಿ, ಶೆಡ್ಡಿನ ಹೊರಗೆ ನಿಲ್ಲಿಸಿದ್ದೆ. ಎರಡು ಸೀಟಿನ ಪುಟ್ಟ ವಿಮಾನ. ಹಾರಿಸುವವನು ಶ್ರೀಶೈಲ, ನೋಡಿಕೊಳ್ಳುವವನು ನಾನು. ಊರವರು ಅದಕ್ಕೆ ಸಾವಕಾರ್ರ ಹಕ್ಕಿ ಅನ್ನುತ್ತಾರೆ. ನನಗೆ ಏನನ್ನುತ್ತಾರೋ ಗೊತ್ತಿಲ್ಲ, ಎದುರಿಗೆ ಮಾತ್ರ ‘ಸರ’. ವಾಯುಸೇನೆಯಲ್ಲಿ ಎಂಜಿನ್ ಬಿಚ್ಚಿ ಕೂಡಿಸುತ್ತ ತಲೆ ಬೆಳ್ಳಗೆ ಮಾಡಿಕೊಂಡವನಿಗೆ ಅಷ್ಟಾದರೂ ಸಲ್ಲಬೇಕು.

ಸಿದ್ದಲಿಂಗವ್ವ ತಾಟು ಹಿಡಿದು ನಿಂತರು. “ಆಚಾರ್ರ, ವಿಭೂತಿ ನಾ ಹಚ್ಚತೇನಿ. ಗಂಧ ನಿಮ್ಮ ಕೈಲೇ ಆಗಲಿ. ಹೂಲಿ ಆಚಾರ್ರ ಮನಿ ಕೈ ಅದು.”

ನಮ್ಮಪ್ಪ ಪೂಜೆ ಮಾಡಿಸಿ ಬದುಕಿದವರು. ನಾನು ಅದನ್ನು ಬಿಟ್ಟು ನಟ್ಟು-ಬೋಲ್ಟಿನ ಪಾನಾ ಹಿಡಿದವನು. ಆದರೂ ಗಂಧ ತೇಯುವುದು ಕೈಗೆ ಬಂದೇ ಬಂದಿದೆ. ನಿನ್ನೆಯೇ ಮನೆಯಲ್ಲಿ ಗಟ್ಟಿಯಾಗಿ ತೇದು ಇಟ್ಟಿದ್ದೆ. ಬರೀ ಗಂಧವಾದರೆ ವಿಮಾನ ಹಾರುವಾಗ ಗಾಳಿಗೆ ಉದುರಿ ಹೋಗುತ್ತದೆ ಎಂದು ಲೆಕ್ಕ ಹಾಕಿ, ಹೆಂಡತಿ ಇಂದಿರಾ ಉಂಡಿ ಕಟ್ಟಲು ತರಿಸಿಟ್ಟ ಅಂಟನ್ನು ಚಿಟಿಕೆ ನೆನೆಸಿ ಅದರಲ್ಲಿ ಕಲಸಿದೆ. “ಉಂಡಿ ಅಂಟು ವಿಮಾನಕ್ಕ ಬಡೀತೀರೇನು? ನಿಮ್ಮ ಶಾಣ್ಯಾತನಕ್ಕ ಏನನ್ಬೇಕು” ಅಂದಳು. ನಗಲಿ. ಪೂಜೆಯಲ್ಲಿ ಎಂಜಿನಿಯರಿಕೆ ಸೇರಿಸಿದವನು ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮೂಗಿಗೊಂದು ಬೊಟ್ಟು, ಪಂಖಾಕ್ಕೊಂದು, ಗಾಲಿಗಳಿಗೆ, ಕಡೆಗೆ ಎರಡೂ ರೆಕ್ಕೆಯ ಮೇಲಿನ ಪೆಟ್ರೋಲ್ ಮುಚ್ಚಳಗಳ ನಟ್ಟನಡುವೆ ಒಂದೊಂದು. ಮೇಲೆ ಅಕ್ಷತೆ. ಸಿದ್ದಲಿಂಗವ್ವನಿಗೆ ಬಹಳ ಖುಷಿಯಾಯಿತು. ಪ್ರತಿ ಶುಕ್ರವಾರ ಹೀಗೇ ಹಚ್ಚಿರಿ ಎಂದರು. ಆಗಲಿ ಎಂದೆ. ಹೊಗಳಿದರೆ ನಾನು ಯಾವುದಕ್ಕೂ ಒಲ್ಲೆ ಅನ್ನುವವನಲ್ಲ.

೩ ಅಕ್ಟೋಬರ್, ಶುಕ್ರವಾರ

ಶ್ರೀಶೈಲ ಬೆಳಗ್ಗೆ ನವಿಲುತೀರ್ಥದ ಕಡೆಗೆ ಹಾರಿ ಬಂದ. ಇಳಿದವನೇ, “ಕಾಕಾ, ಎಲ್ಲಮ್ಮನ ಗುಡ್ಡದ ಹಂತೇಕ ಎಂಜಿನ್ ಕೆಮ್ಮಿತ್ರಿ. ಇನ್ನೊಂದ ಟ್ಯಾಂಕಿಗೆ ತಿರುವಿದ ಮ್ಯಾಲ ಸರಿ ಆತು” ಅಂದ.

ಪ್ಲಗ್ ಇರಬೇಕು. ನಾಳೆ ಬದಲಿಸುತ್ತೇನೆ. ಶುಕ್ರವಾರದ ಗಂಧ ಹಚ್ಚಿ ಬಂದೆ.

೭ ಅಕ್ಟೋಬರ್, ಮಂಗಳವಾರ

ಪ್ಲಗ್ ಅಲ್ಲ. ಹೊಸವನ್ನು ಹಾಕಿದರೂ ಅದೇ ಕತೆ. ಅರ್ಧ ತಾಸು ಚೆಂದ ಹಾರುತ್ತದೆ, ಆಮೇಲೆ ಕೆಮ್ಮು. ಶ್ರೀಶೈಲ ಮುಖ ಸಣ್ಣಗೆ ಮಾಡಿಕೊಂಡು ಇಳಿಯುತ್ತಾನೆ. ನಾನು ನೆಲದ ಮೇಲೆ ಚಾಲೂ ಮಾಡಿ ನೋಡಿದರೆ ಒಂದು ಸೊಲ್ಲಿಲ್ಲ, ಬೆಣ್ಣೆಯಂತೆ ತಿರುಗುತ್ತದೆ. ದಸರೆಯ ಮೊದಲು ಒಂದು ದಿನವೂ ಕೈಕೊಟ್ಟದ್ದಲ್ಲ.

ಪರಶು ಟ್ಯಾಂಕಿನಲ್ಲಿ ಕೋಲು ಅದ್ದಿ ಪೆಟ್ರೋಲ್ ಅಳೆಯುತ್ತಿದ್ದ. ಬೈಲಹೊಂಗಲದ ಪಂಪಿನಿಂದ ಕ್ಯಾನಿನಲ್ಲಿ ಪೆಟ್ರೋಲ್ ತರುವುದು, ತುಂಬುವುದು, ಅಳೆಯುವುದು ಅವನ ಕೆಲಸ. ಉಳಿದ ಹೊತ್ತಿನಲ್ಲಿ ಸಂಪಗಾಂವದ ರೈತರ ಟ್ರ್ಯಾಕ್ಟರುಗಳಿಗೆ ಡೀಸೆಲ್ ತಂದು ಕೊಡುತ್ತಾನೆ. ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ, “ಸರ, ಒಂದ ಮಾತ ಹೇಳಲೇನ್ರಿ” ಅಂದ. ನನ್ನ ತಲೆ ಮೊದಲೇ ಕೆಟ್ಟಿತ್ತು. “ಮೊದಲ ಅಳತಿ ಹೇಳೋ ಲೇ. ಮಾತು ಆಮ್ಯಾಲೆ” ಅಂದೆ. ಅಳತೆ ಹೇಳಿದ. ಮಾತು ಹೇಳಲಿಲ್ಲ, ನಾನೂ ಕೇಳಲಿಲ್ಲ.

೧೦ ಅಕ್ಟೋಬರ್, ಶುಕ್ರವಾರ

ಕಾರ್ಬುರೇಟರ್ ಬಿಚ್ಚಿ ತೊಳೆದೆ. ಫಿಲ್ಟರ್ ಹೊಸದು. ಪಂಪ್ ಸರಿ ಇದೆ. ಪೈಪುಗಳನ್ನು ಊದಿ ನೋಡಿದೆ.

ಕಂಪನಿಯ ಪುಸ್ತಕ ತೆಗೆದು ಒಂದೊಂದೇ ಸಾಲು ಓದುತ್ತ ಕೂತೆ. ಟ್ಯಾಂಕಿಗೆ ಗಾಳಿ ಹೋಗುವ ತೂತು ಕಟ್ಟಿದೆಯೇ ನೋಡು ಎಂದೂ ಇದೆ. ಹಿಮ ಬೀಳುವ ದೇಶದವರು ಬರೆದ ಪುಸ್ತಕ. ಸಂಪಗಾಂವದ ಈ ಬಿಸಿಲಲ್ಲಿ ಆ ತೂತಿಗೆ ಏನು ಬಂದು ಕೂಡಬೇಕು? ಮುಂದಿನ ಸಾಲಿಗೆ ಹೋದೆ.

ಸಂಜೆ ಗಂಧ ಹಚ್ಚಿದೆ. ಇವತ್ತು ಇನ್ನೂ ಗಟ್ಟಿಯಾಗಿ ತೇದಿದ್ದೆ, ಅಂಟೂ ಸ್ವಲ್ಪ ಹೆಚ್ಚೇ ಹಾಕಿದ್ದೆ. ಹಚ್ಚುವಾಗ ನನಗೇ ತಿಳಿಯದೆ ಕಣ್ಣು ಮುಚ್ಚಿ ಕೈ ಮುಗಿದಿದ್ದೆನಂತೆ. ಸಿದ್ದಲಿಂಗವ್ವ ಹೇಳಿದರು. ನಾಚಿಕೆಯಾಯಿತು. ಎಂಜಿನ್ ಗೊತ್ತಿಲ್ಲದವರು ಮಾಡುವ ಕೆಲಸ ಅದು.

೧೪ ಅಕ್ಟೋಬರ್, ಮಂಗಳವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಶ್ರೀಶೈಲ ಕಿತ್ತೂರಿನ ಮೇಲೆ ಒಂದು ಸುತ್ತು ಹಾಕಿ ತಿರುಗಿ ಬರುತ್ತಿದ್ದ. ಊರು ಕಾಣುವಷ್ಟು ಹತ್ತಿರ ಬಂದಾಗ ಎಂಜಿನ್ ಪೂರ್ತಿ ನಿಂತಿತು. ಟ್ಯಾಂಕ್ ಬದಲಿಸಿದರೂ ಹತ್ತಲಿಲ್ಲ. ಸದ್ದಿಲ್ಲದೆ ತೇಲುತ್ತ ಬಂದು ನಮ್ಮ ರನ್‌ವೇ ಮುಟ್ಟಲಾಗದೆ, ಪಕ್ಕದ ಸೋಯಾ ಕೊಯ್ದ ಹೊಲದಲ್ಲಿ ಇಳಿಸಿದ. ಮುಂದಿನ ಗಾಲಿ ಸೊಟ್ಟಾಯಿತು. ಅವನಿಗೆ ಏನೂ ಆಗಲಿಲ್ಲ. ಸಿದ್ದಲಿಂಗವ್ವ ಶೆಡ್ಡಿನ ಮುಂದೆಯೇ ನಿಂತು ನೋಡಿದರು. ಅವರು ಅಳಲಿಲ್ಲ, ಕೂಗಲಿಲ್ಲ. ನನ್ನ ಕಡೆಗೆ ತಿರುಗಿ, “ಆಚಾರ್ರ, ನಿಮ್ಮ ಮ್ಯಾಲ ಭಾರ ಹಾಕಿ ಮಗನ್ನ ಬಿಟ್ಟೇನಿ” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಊರೆಲ್ಲ ಹೊಲಕ್ಕೆ ಬಂತು. ಮೊಬೈಲುಗಳು ಮೇಲೆದ್ದವು. ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾಕ್ಕೆ ಕೂತರೆ ಎಲ್ಲರೂ ನನ್ನನ್ನೇ ಕೇಳುವವರು. “ಏನಾಗಿತ್ರಿ ಸರ? ಮಿಲ್ಟ್ರಿ ಒಳಗಿದ್ದ ನಿಮಗೂ ಗೊತ್ತಾಗಲಿಲ್ಲ?” ಇಷ್ಟು ಮಂದಿಯ ಎದುರಿಗೆ ‘ಗೊತ್ತಿಲ್ಲ’ ಎಂಬ ಮೂರಕ್ಷರ ನನ್ನ ಬಾಯಿಂದ ಹೊರಡಲಿಲ್ಲ.

“ಪೆಟ್ರೋಲಿನೊಳಗ ನೀರು ಅದ. ತರೂ ಮನಿಷ್ಯಾನೇ ಸರಿ ಇಲ್ಲಂದ್ರ ನಾ ಏನ್ ಮಾಡ್ಲಿ?” ಅಂದುಬಿಟ್ಟೆ.

ಪರಶು ಬಾಗಿಲ ಬಳಿಯೇ ನಿಂತಿದ್ದ. ಕೈಯಲ್ಲಿ ಚಹಾದ ಬಶಿ ಇತ್ತು. ಎಲ್ಲರೂ ಅವನ ಕಡೆ ತಿರುಗಿದರು. ಅವನು ಬಶಿಯನ್ನು ಕಟ್ಟೆಯ ಮೇಲಿಟ್ಟು ಹೋದ.

ಹೊಲದಲ್ಲಿಯೇ, ಪರಶು ಅಳತೆ ನೋಡಿದ ಮೇಲೆ, ಟ್ಯಾಂಕಿನ ಕೆಳಗಿನಿಂದ ಗಾಜಿನ ಬಾಟಲಿಗೆ ಪೆಟ್ರೋಲ್ ಹಿಡಿದು ನೋಡಿದ್ದೆ. ನೀರು ಇರಲಿಲ್ಲ. ಇದನ್ನು ಇಲ್ಲಿ ಬರೆದಿಡುತ್ತೇನೆ. ಒಂದು ಬಾಟಲಿಯಲ್ಲಿ ಕಾಣಲಿಲ್ಲವೆಂದರೆ ಇಲ್ಲವೇ ಇಲ್ಲ ಎಂದರ್ಥವಲ್ಲ.

೧೫ ಅಕ್ಟೋಬರ್, ಬುಧವಾರ

ಪರಶು ಶೆಡ್ಡಿನ ಕೀಲಿ, ಪೆಟ್ರೋಲ್ ಸುರಿಯುವ ಲಾಳಿಕೆ, ಅಳತೆಯ ಕೋಲು ತಂದು ಬಾಗಿಲಲ್ಲಿಟ್ಟು ಹೋದನಂತೆ. ನಾನು ಬರುವ ಮೊದಲೇ.

೧೭ ಅಕ್ಟೋಬರ್, ಶುಕ್ರವಾರ

ಗಾಲಿ ರಿಪೇರಿ. ಗಂಧ.

೨೨ ಅಕ್ಟೋಬರ್, ಬುಧವಾರ

ದೀಪಾವಳಿ ಪಾಡ್ಯ. ಸವದತ್ತಿಯಲ್ಲಿ ಮನೆಯಲ್ಲೇ ಇದ್ದೆ. ಆರತಿ ಮಾಡುವಾಗ ಇಂದಿರಾ ಕೇಳಿದಳು, “ಸಂಪಗಾಂವ ಕಡೆ ಯಾರೋ ನೀರ ಪರಶು ಅಂತ ಇದ್ದಾನಂತಲ್ಲ, ಯಾರು? ಹಾಲು ಹಾಕೂ ಬಾಯಿ ಹೇಳ್ಲಿಕ್ಕೆ ಹತ್ತಿದ್ಲು. ಅವನ ಕಡೆ ಈಗ ಯಾರೂ ಡೀಸೆಲ್ ತಗೊಳ್ಳೂದಿಲ್ಲಂತ.”

ಗೊತ್ತಿಲ್ಲ ಎಂದೆ. ಆ ಮೂರಕ್ಷರ ಇವತ್ತು ಎಷ್ಟು ಸಲೀಸಾಗಿ ಬಂದವು.

ನಾನು ಆಡಿದ ಮಾತು ನನಗಿಂತ ಮುಂಚೆ ನಮ್ಮ ಮನೆಗೆ ಬಂದು ಕೂತಿದೆ. ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಅವನು ನೀರು ಬೆರೆಸಿಯೇ ಇದ್ದರೆ ನಾನು ಯಾಕೆ ಹೀಗಿದ್ದೇನೆ? ನಾಳೆ ಪೆಟ್ರೋಲ್ ನಾನೇ ತರುತ್ತೇನೆ. ಬಟ್ಟೆಯಲ್ಲಿ ಸೋಸಿ, ನಾನೇ ತುಂಬುತ್ತೇನೆ. ಎಂಜಿನ್ ನಿಲ್ಲದಿದ್ದರೆ ತಪ್ಪು ಅವನದೇ ಎಂದು ತೀರುತ್ತದೆ. ಹಾಗೆ ತೀರಲಿ ಎಂದು ದೇವರ ಮುಂದೆ ಕೇಳಿಕೊಂಡೆ. ಎಂಥ ಬೇಡಿಕೆ.

೨೪ ಅಕ್ಟೋಬರ್, ಶುಕ್ರವಾರ

ಹೇಗೆ ಬರೆಯಲಿ?

ನಾನೇ ತಂದು ಸೋಸಿದ ಪೆಟ್ರೋಲನ್ನು ಬೆಳಗ್ಗೆ ಎರಡೂ ಟ್ಯಾಂಕಿಗೆ ತುಂಬಿದೆ. ಶುಕ್ರವಾರವಲ್ಲವೇ, ಹೊಸದಾಗಿ ಗಂಧ ಹಚ್ಚಿದೆ. ಬುತ್ತಿ ಬಿಚ್ಚಿ ಊಟ ಮಾಡುವುದರೊಳಗೆ ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಹಾರಿಸುವುದು ಬೇಡವೆಂದು ಬಾಲವನ್ನು ಬೇವಿನ ಮರಕ್ಕೆ ಹಗ್ಗದಲ್ಲಿ ಬಿಗಿದು, ನಾನೇ ಒಳಗೆ ಕೂತು ಚಾಲೂ ಮಾಡಿದೆ. ಇಷ್ಟು ದಿನ ನೆಲದ ಮೇಲೆ ಒಂದಿಷ್ಟು ಹೊತ್ತು ತಿರುಗಿಸಿ, ಸರಿ ಇದೆ ಎಂದು ನಿಲ್ಲಿಸುತ್ತಿದ್ದೆ. ಇವತ್ತು ನಿಲ್ಲಿಸಲಿಲ್ಲ. ಪೂರ್ತಿ ಜೋರಿನಲ್ಲಿ ಓಡಲಿಕ್ಕೆ ಬಿಟ್ಟೆ.

ಅರ್ಧ ತಾಸಾಗುತ್ತಿದ್ದಂತೆ ಕೆಮ್ಮಿತು. ನಿಂತಿತು.

ಪರಶು ಅಲ್ಲ. ಮೊದಲು ಮನಸ್ಸಿಗೆ ಬಂದದ್ದು ಇದೇ.

ಅಳೆಯಲು ಪರಶು ಇಲ್ಲವಲ್ಲ, ನಾನೇ ಇಳಿದು ಮುಚ್ಚಳ ತಿರುವಿದೆ. ಅದು ತಿರುಗಿತು, ಎತ್ತಿದರೆ ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡಂತೆ ಜಗ್ಗುತ್ತಿತ್ತು. ಜೋರಾಗಿ ಕಿತ್ತೆ. ಸುಂಯ್ ಎಂದು ಟ್ಯಾಂಕ್ ಗಾಳಿ ಎಳೆದುಕೊಂಡಿತು.

ಕೈಯಲ್ಲಿದ್ದ ಮುಚ್ಚಳ ನೋಡಿದೆ. ನಟ್ಟನಡುವೆ ನನ್ನ ಗಂಧದ ಬೊಟ್ಟು, ಅದರ ಮೇಲೆ ಅಕ್ಷತೆ. ಉಗುರಿನಿಂದ ಕೆರೆದರೆ ಬರಲಿಲ್ಲ, ಅಂಟು ಅಷ್ಟು ಚೆನ್ನಾಗಿ ಹಿಡಿದಿತ್ತು. ಚಾಕುವಿನಿಂದ ಎಬ್ಬಿಸಿದೆ. ಕೆಳಗೆ ಸಾಸಿವೆಯಷ್ಟು ಸಣ್ಣ ತೂತು. ಪೆಟ್ರೋಲ್ ಖಾಲಿಯಾದಂತೆ ಅದರಿಂದಲೇ ಗಾಳಿ ಒಳಗೆ ಹೋಗಬೇಕು. ಹೋಗದಿದ್ದರೆ ಟ್ಯಾಂಕ್ ಪೆಟ್ರೋಲನ್ನು ಕೆಳಗೆ ಬಿಡುವುದಿಲ್ಲ, ಎಂಜಿನ್ ಉಪವಾಸ ಬಿದ್ದು ನಿಲ್ಲುತ್ತದೆ. ಮುಚ್ಚಳ ತೆರೆದೊಡನೆ ಎಲ್ಲ ಸರಿ. ಅಳೆಯಲೆಂದು ಪ್ರತಿ ಸಲ ಮೊದಲು ಮುಚ್ಚಳ ತೆರೆಸಿ, ರೋಗ ಓಡಿಸಿ, ಆಮೇಲೆ ನಾನು ರೋಗ ಹುಡುಕುತ್ತಿದ್ದೆ. ಈ ಪಾಠವನ್ನು ವಾಯುಸೇನೆಗೆ ಹೊಸದಾಗಿ ಸೇರಿದ ಹುಡುಗರಿಗೆ ನಾನೇ ಎಷ್ಟು ವರ್ಷ ಕಲಿಸಿದ್ದೇನೆ.

ಇನ್ನೊಂದು ರೆಕ್ಕೆಯದೂ ಹಾಗೇ. ಎಂಜಿನ್ ಕೆಮ್ಮಿದಷ್ಟೂ ನಾನು ಗಂಧವನ್ನು ಗಟ್ಟಿ ಮಾಡುತ್ತ ಹೋಗಿದ್ದೆ.

ಆ ದಿನ ಸೋಯಾ ಹೊಲ ಕೊಯ್ದಿರದಿದ್ದರೆ? ಸಿದ್ದಲಿಂಗವ್ವನ ಮಗನನ್ನು ನಾನು ಈ ಬೆರಳಿನಿಂದ ಕೊಲ್ಲುತ್ತಿದ್ದೆ. ಸಂಜೆ ಮನೆಗೆ ಬಂದು ಕೈ ತೊಳೆದೆ, ತೊಳೆಯುತ್ತಲೇ ಇದ್ದೆ. ಇಂದಿರಾ ಏನಾಯಿತೆಂದು ಎರಡು ಸಲ ಕೇಳಿದಳು.

೨೫ ಅಕ್ಟೋಬರ್, ಶನಿವಾರ

ಎಲ್ಲಿಗೂ ಹೋಗಲಿಲ್ಲ.

೨೭ ಅಕ್ಟೋಬರ್, ಸೋಮವಾರ

ಮಿಲ್ಲಿಗೆ ಹೋಗಿ ಶ್ರೀಶೈಲನಿಗೆ ಹೇಳಿದೆ. ಎರಡು ಮುಚ್ಚಳಗಳನ್ನೂ ಅವನ ಟೇಬಲ್ಲಿನ ಮೇಲಿಟ್ಟೆ. ಮೊದಲು ನಕ್ಕ. ಆಮೇಲೆ ಸೋಯಾ ಹೊಲ ನೆನಪಾಗಿರಬೇಕು, ಮುಚ್ಚಳಗಳನ್ನು ಬದಿಗೆ ಸರಿಸಿದ. ಅಂದ, “ಕಾಕಾ, ಇದು ನಮ್ಮಿಬ್ಬರೊಳಗ ಇರಲಿ. ಅವ್ವಗ ಗೊತ್ತಾದ್ರ ಪೂಜಿ ಮಾಡಿಸಿದ್ದ ತಪ್ಪಾತು ಅಂತ ಮನಸಿಗೆ ಹಚ್ಚಿಗೊಂಡ ಕೂಡ್ತಾಳ. ನಿಮ್ಮ ಹೆಸರೂ ಕೆಡತೈತಿ. ಪಂಪ ಕೆಟ್ಟಿತ್ತು, ಬದಲಿ ಮಾಡೇವಿ ಅಂದ್ರ ಆತು.”

“ಪರಶು?”

“ಅವನ್ನ ಸುಮ್ಮನ ಕೆಲಸಕ್ಕ ಕರಸೂಣಲ್ಲ. ಯಾಕ ಅಂತ ಯಾರ ಕೇಳ್ತಾರ?”

ಒಳ್ಳೆಯ ಹುಡುಗ. ನನ್ನ ಮರ್ಯಾದೆ ಉಳಿಸಲು ನೋಡುತ್ತಿದ್ದಾನೆ. ನಾನು ಹೂಂ ಅಂದೆ. ಮೆಟ್ಟಿಲು ಇಳಿಯುವಾಗ ಎದೆ ಹಗುರಾಗಿತ್ತು. ಬಸ್ಸಿನಲ್ಲಿ ಕೂತ ಮೇಲೆ, ಹಗುರಾದದ್ದಕ್ಕೇ ಹೇಸಿಗೆಯಾಯಿತು.

೨೯ ಅಕ್ಟೋಬರ್, ಬುಧವಾರ

ಬೈಲಹೊಂಗಲದ ಬಜಾರಿನಲ್ಲಿ ಪರಶುವನ್ನು ಕಂಡೆ. ರಸ್ತೆಯ ಆಚೆ ಒಬ್ಬ ರೈತ ಪರಶುವಿನ ಕ್ಯಾನ್ ಬಿಚ್ಚಿ, ಅಂಗೈಗೆ ಡೀಸೆಲ್ ಸುರುವಿಕೊಂಡು ತಿಕ್ಕಿ ಮೂಸಿದ. ಮತ್ತೆ ಸುರುವಿಕೊಂಡು ಮತ್ತೆ ಮೂಸಿದ. ಕಡೆಗೆ ಬೇಡವೆಂದು ಕೈ ಒರೆಸಿಕೊಂಡು ಹೋದ. ಅಷ್ಟೂ ಹೊತ್ತು ಪರಶು ಬೇರೆ ಕಡೆ ನೋಡುತ್ತ ನಿಂತಿದ್ದ. ತನ್ನ ಕ್ಯಾನ್ ತನ್ನದಲ್ಲವೆಂಬಂತೆ.

ಅವನು ಈ ಕಡೆ ತಿರುಗುವ ಮೊದಲು ನಾನು ಬಸ್ಸಿನ ಹಿಂದೆ ಅಡಗಿದೆ. ಈ ವಯಸ್ಸಿನಲ್ಲಿ ಹುಡುಗರಂತೆ ಅಡಗಿದೆ. ಆಮೇಲೆ ಎದುರಿಗಿದ್ದ ಬಸ್ಸು ಹತ್ತಿದರೆ ಅದು ರಾಮದುರ್ಗದ್ದು. ಯರಗಟ್ಟಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿದೆ. ಹೋಗುವ ಊರಿನ ಬೋರ್ಡು ಓದುವಷ್ಟೂ ತಲೆ ಎತ್ತಿರಲಿಲ್ಲ.

ಅವನು ಕೆಲಸಕ್ಕೆ ಸುಮ್ಮನೆ ಬಂದರೂ ಆ ಹೆಸರು ಸುಮ್ಮನೆ ಹೋಗುವುದಿಲ್ಲ.

೩೧ ಅಕ್ಟೋಬರ್, ಶುಕ್ರವಾರ

ಪರಶುವಿನ ಮನೆಗೆ ಹೋದೆ. ಅವನ ಹೆಂಡತಿ ರಾಮವ್ವ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದಳು, “ಬರ್ರಿ, ಕುಂಡ್ರಿ” ಅಂದಳು. ಮುಖದಲ್ಲಿ ಮಾತ್ರ ಬರ್ರಿ ಎಂಬುದು ಇರಲಿಲ್ಲ. ಪರಶು ಒಳಗಿನಿಂದ ಬಂದು ಗೋಡೆಗೆ ಒರಗಿ ನಿಂತ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗಂಧ, ಅಂಟು, ತೂತು, ನೀರಿಲ್ಲದ ಬಾಟಲಿ. ತಪ್ಪಾಯಿತು ಎಂದೆ. ಶ್ರೀಶೈಲ ಕೆಲಸಕ್ಕೆ ಬಾ ಅಂದಿದ್ದಾನೆ ಎಂದೂ ಹೇಳಿದೆ.

ಪರಶು ಕೇಳಿದ, “ಮುಚ್ಚಳ ತಗದಾಗ ಸುಂಯ್ ಅಂದಿತೇನ್ರಿ?”

“ಹೌದು.”

“ದಿನಾ ಅಂತಿತ್ರಿ. ಬಿಸಲಿಗೆ ಹಂಗ ಆಕ್ಕೈತೇನೋ ಅನ್ಕೊಂಡೆ. ಕೇಳಬೇಕಂತ ಒಮ್ಮೆ ಬಾಯಿ ತಗದೆ. ನೀವ ಬೈತೀರಿ ಅಂತ ಮತ್ತ ಕೇಳಲಿಲ್ಲ.”

ಆ ದಿನ ನಾನು ಅವನ ಬಾಯಿ ಮುಚ್ಚಿಸಿದ್ದು ನೆನಪಿದೆ. ಇಲ್ಲಿ ಹಿಂದೆ ಬರೆದೂ ಇದ್ದೇನೆ, ದೊಡ್ಡ ಶಾಣ್ಯಾನಂತೆ.

“ಕೆಲಸಕ್ಕ ಬರೂದಿಲ್ಲರಿ” ಅಂದ ಪರಶು. “ಮನಿಗೆ ಬಂದ ಹೇಳಿದ್ರಿ, ಛಲೋ ಆತು. ಆದ್ರ ಆ ಮಾತ ನೀವ ಮನ್ಯಾಗ ಆಡಿರಲಿಲ್ಲಲ್ಲ?”

ರಾಮವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಿದ್ದಳು. ನಾಳೆ ಹೋಟೆಲಿಗೆ ಬಾ ಎಂದೆ. ಬರ್ತೇನಿ ಅನ್ನಲಿಲ್ಲ, ಬರೂದಿಲ್ಲ ಅಂತಲೂ ಅನ್ನಲಿಲ್ಲ. ಚಹಾ ಬಂತು. ಕುಡಿದೆ.

೧ ನವೆಂಬರ್, ಶನಿವಾರ

ಮೊದಲು ಸಿದ್ದಲಿಂಗವ್ವನ ಹತ್ತಿರ ಹೋದೆ. ಬೇರೆಯವರ ಬಾಯಿಂದ ಅವರಿಗೆ ತಿಳಿಯಬಾರದು ಅನ್ನಿಸಿತು. ಎಲ್ಲ ಕೇಳಿದರು. “ದೇವರಿಗೆ ಏನ ಗೊತ್ತಿರತೈತ್ರಿ ತೂತ ಎಲ್ಲೈತಂತ? ನಿಮಗ ಗೊತ್ತಿತ್ತು” ಅಂದರು. ಅಷ್ಟೇ. ಒಳಗೆ ಹೋದರು. ಮಗನನ್ನು ಹೆತ್ತವರು, ಅಷ್ಟಕ್ಕೇ ಬಿಟ್ಟದ್ದು ದೊಡ್ಡದು.

ಸಂಜೆ ಹೋಟೆಲಿನಲ್ಲಿ ರಾಜ್ಯೋತ್ಸವದ ಧ್ವಜ ಕಟ್ಟಿದ್ದರಿಂದ ಮಂದಿ ಹೆಚ್ಚೇ ಇದ್ದರು. ಪರಶು ಬಂದಿದ್ದ, ಅದೇ ಬಾಗಿಲ ಬಳಿ. ನಾನು ಎದ್ದು ನಿಂತೆ. ಚೀಲದಿಂದ ಮುಚ್ಚಳ ತೆಗೆದು ಎತ್ತಿ ಹಿಡಿದೆ.

“ಪೆಟ್ರೋಲಿನೊಳಗ ನೀರು ಇರಲಿಲ್ಲ. ನಾ ನೋಡಿದ್ದೆ, ಇರಲಿಲ್ಲ. ಗೊತ್ತಿದ್ದೂ ಈ ಮನಿಷ್ಯಾನ ಮ್ಯಾಲೆ ಹಾಕಿದೆ. ಎಂಜಿನ್ ನಿಂತದ್ದು ನನ್ನ ಕೈಲೆ. ಈ ತೂತಿಗೆ ನಾನೇ ಅಂಟು ಕಲಸಿ ಗಂಧ ಮೆತ್ತಿದ್ದೆ.”

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಅಲ್ಲಿಂದ ನಗು ಹಬ್ಬಿತು. “ಗಂಧಾ ಹಚ್ಚಿ ಇಮಾನ ಕೆಡವಿದ್ರೇನ್ರಿ ಆಚಾರ್ರ?” ಅಂದ ಒಬ್ಬ. ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ಒಂದು ಹೆಸರು ಹುಟ್ಟಿತು, ಕಿವಿಯಾರೆ ಕೇಳಿದೆ: ಅಂಟಿನ ಆಚಾರಿ. ಆದರೂ ಕೂಡಲಿಲ್ಲ, ನಗು ಮುಗಿಯುವವರೆಗೆ ನಿಂತಿದ್ದೆ. ಪರಶು ನಗಲಿಲ್ಲ.

ಬಜಾರಿನಲ್ಲಿ ಡೀಸೆಲ್ ಮೂಸಿದ್ದ ಆ ರೈತ ಅಲ್ಲೇ ಕೂತಿದ್ದ. ಪರಶುವಿನ ಮುಖ ನೋಡದೆ, ಬೀಡಿಯ ಬೂದಿ ಜಾಡಿಸುತ್ತ, “ಪರಶೂ, ನಾಳಿಗೆ ಎರಡ ಕ್ಯಾನ ಡೀಸೆಲ್ ತಂದ ಕೊಡೊ ಮಾರಾಯ” ಅಂದ.

ಮನೆಗೆ ಬಂದು ಇಂದಿರಾಳಿಗೂ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅಂಟಿನ ಡಬ್ಬಿ ತೆಗೆದು ಮೇಲಿನ ಅಟ್ಟಕ್ಕೆ ಇಟ್ಟಳು.

೭ ನವೆಂಬರ್, ಶುಕ್ರವಾರ

ಪ್ರತಿ ಶುಕ್ರವಾರದಂತೆ ಸಿದ್ದಲಿಂಗವ್ವ ತಾಟು ತಂದರು. ಬರುವುದಿಲ್ಲವೆಂದುಕೊಂಡಿದ್ದೆ. ವಿಮಾನಕ್ಕೆ ವಿಭೂತಿ ಹಚ್ಚಿ, ಮುಚ್ಚಳದ ಹತ್ತಿರ ಬಂದಾಗ ನಿಂತು ನನ್ನ ಕಡೆ ನೋಡಿದರು. ಅಲ್ಲಿ ಬೇಡ ಎಂದೆ. ಮುಂದೆ ಹೋದರು.

ಪರಶು ಈಗ ನಮ್ಮ ಆಳಲ್ಲ. ರೈತರಿಗೆ ಡೀಸೆಲ್ ಕೊಡುವಂತೆ ನಮಗೂ ಪೆಟ್ರೋಲ್ ತಂದು ಕೊಡುತ್ತಾನೆ. ಇವತ್ತು ಮೊದಲ ಸಲ ಬಂದ. ಶೆಡ್ಡಿನ ಮುಂದೆ ಕ್ಯಾನ್ ಇಳಿಸಿ ನಿಂತ. ನಾನು ಎಂಜಿನ್ನಿನಲ್ಲಿ ತಲೆ ಹಾಕಿಕೊಂಡಿದ್ದೆ. ಪಕ್ಕದ ಹೊಲದಲ್ಲಿ ಕಡಲೆ ಬಿತ್ತುವವರು ನೀರು ಕುಡಿಯಲು ನಮ್ಮ ಬೇವಿನ ನೆರಳಿಗೆ ಬಂದು ಕೂತಿದ್ದರು.

“ಸರ, ಒಂದ ಮಾತ” ಅಂದ.

ಕೈಯಲ್ಲಿದ್ದ ಪಾನಾ ಕೆಳಗಿಟ್ಟೆ. “ಹೇಳ್ರಿ, ಪರಶು” ಎಂದೆ.

“ಬಾಟಲಿಗೆ ಹಾಕಿ ನೋಡ್ರಿ.”

“ಬ್ಯಾಡ್ರಿ. ನೋಡೂದೇನದ?”

“ನೋಡ್ರಿ” ಅಂದ. “ನಾ ತಂದಾಗೊಮ್ಮೆ ನೋಡಬೇಕು.”

ಗಾಜಿನ ಬಾಟಲಿಗೆ ಪೆಟ್ರೋಲ್ ಸುರುವಿ ಬಿಸಿಲಿಗೆ ಹಿಡಿದೆ. ಬಹಳ ಹೊತ್ತು ನೋಡಿದೆ. ತಿಳಿಯಾಗಿತ್ತು.

“ನೀರಿಲ್ಲ” ಎಂದೆ.

ಪರಶು ಬೇವಿನ ನೆರಳಲ್ಲಿ ಕೂತವರ ಕಡೆ ನೋಡಿದ. ಆಮೇಲೆ ನನ್ನ ಕಡೆ.

“ಅವರಿಗೆ ಕೇಳಸಲಿಲ್ಲರಿ” ಅಂದ.

ಬಾಟಲಿಯನ್ನು ಇನ್ನಷ್ಟು ಮೇಲಕ್ಕೆ ಎತ್ತಿ, ಹೊಲದ ಆಚೆಗೂ ಮುಟ್ಟುವಂತೆ ಮತ್ತೊಮ್ಮೆ ಹೇಳಿದೆ.